ಹಲ್ಲಕ್ಕ ಕ್ಷಮಿಸಲಿಲ್ಲ

ಹಲ್ಲಕ್ಕ ಹತ್ತೊಂಬತ್ತು ವರ್ಷಗಳಲ್ಲಿ ಕಟ್ಟಿದ ಹಲ್ಲುಗಳನ್ನೆಲ್ಲ ಸಾಲಾಗಿ ನೆಟ್ಟಿದ್ದರೆ ಇಡೀ ಊರಿಗೆ ಎರಡು ಸುತ್ತು ಬೇಲಿಯಾಗಿ, ಮಿಕ್ಕಿದ್ದರಲ್ಲಿ ಪಕ್ಕದ ಊರಿಗೊಂದು ಗೇಟೂ ಆಗುತ್ತಿತ್ತು. ನಂಬದವರು ಎಣಿಸಿಕೊಂಡು ಬರಲಿ. ಆಕೆ ಕಟ್ಟಿದ ಹಲ್ಲಿನಿಂದ ನ್ಯಾಯಾಧೀಶರು ತೀರ್ಪು ಓದುತ್ತಿದ್ದರು, ಮುದುಕರು ಎರಡನೇ ಮದುವೆಗೆ ಹೆಣ್ಣು ನೋಡಲು ಹೊರಡುತ್ತಿದ್ದರು. ಒಬ್ಬ ನಿವೃತ್ತ ಹೆಡ್ಮಾಸ್ತರರಂತೂ ಬಾದಾಮಿಯನ್ನು ಚಿಪ್ಪಿನ ಸಮೇತ ಕಟಕ್ಕನೆ ಒಡೆದು ತೋರಿಸಿ ಮೊಮ್ಮಕ್ಕಳ ಚಪ್ಪಾಳೆ ಗಿಟ್ಟಿಸುತ್ತಿದ್ದರು.

ಲ್ಯಾಬು ಮೂರನೇ ಮಹಡಿಯಲ್ಲಿತ್ತು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಪ್ಲಾಸ್ಟರ್ ತಾತ ಆ ಅಚ್ಚಿಗೆ ಪ್ಲಾಸ್ಟರು ಹುಯ್ದು ಬಾಯಿಯ ತದ್ರೂಪ ಎತ್ತುತ್ತಿದ್ದ. ಅದರ ಮೇಲೆ ಮೇಣದ ಒಸಡು ಕೂರಿಸಿ ಒಂದೊಂದೇ ಹಲ್ಲು ನಿಲ್ಲಿಸುವುದು ಹಲ್ಲಕ್ಕನ ಕೆಲಸ. ಅದಕ್ಕೆ ಕಿಟಕಿ ಪಕ್ಕದ ಮೇಜೇ ಆಗಬೇಕು. ಬಿಳಿ ಎಂದರೆ ಒಂದೇ ಬಿಳಿ ಎಂದು ತಿಳಿದವರು ಗೋಡೆಗೆ ಸುಣ್ಣ ಬಳಿಯಲು ಲಾಯಕ್ಕು; ಹಲ್ಲಿನಲ್ಲಿ ಹದಿನಾರು ಬಿಳಿಗಳಿವೆ, ಅವನ್ನು ಟ್ಯೂಬ್‌ಲೈಟಿನ ಕೆಳಗೆ ಬೇರೆ ಮಾಡಿ ಹೇಳುವ ಕಣ್ಣು ಇನ್ನೂ ಹುಟ್ಟಿಲ್ಲ. ಹಗಲಿನ ಬೆಳಕು ನೇರ ಬೀಳುತ್ತಿದ್ದ ಆ ಮೇಜು ಹತ್ತೊಂಬತ್ತು ವರ್ಷದಿಂದ ಹಲ್ಲಕ್ಕನದು. ಅದರ ಅಂಚಿನಲ್ಲಿ ಆಕೆ ಮೊಣಕೈ ಊರಿದ ಜಾಗ ಎಷ್ಟು ತಗ್ಗಾಗಿತ್ತೆಂದರೆ ಒಂದು ಲೋಟ ಚಹಾ ಹುಯ್ದರೆ ಅಲ್ಲೇ ನಿಲ್ಲುತ್ತಿತ್ತು.

ಯಜಮಾನನನ್ನು ಎದುರಿಗೆ ಎಲ್ಲರೂ ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಗದ್ದಪ್ಪ. ಮೊದಲು ಅವನ ಗದ್ದ ಬಾಗಿಲೊಳಗೆ ಬರುತ್ತಿತ್ತು. ಎರಡು ನಿಮಿಷ ಬಿಟ್ಟು ಉಳಿದ ಯಜಮಾನ ಬರುತ್ತಿದ್ದ. ಅವನ ಹೆಂಡತಿಗೊಬ್ಬ ತಮ್ಮ. ಮೂರು ಕಸುಬು ಹಿಡಿದು ಮೂರನ್ನೂ ಮುಳುಗಿಸಿ, ಆರು ತಿಂಗಳ ಹಲ್ಲಿನ ಕೋರ್ಸು ಮುಗಿಸಿ, ಚೌಕಟ್ಟು ಹಾಕಿಸಿದ ಸರ್ಟಿಫಿಕೇಟನ್ನು ಎದೆಗವಚಿಕೊಂಡು ಲ್ಯಾಬಿಗೆ ಬಂದಿಳಿದಿದ್ದ. ಅವನನ್ನು ಎಲ್ಲರೂ ಬಾಮೈದ ಎಂದೇ ಕರೆಯುತ್ತಿದ್ದರು. ಕರೆಯುವಾಗ ಯಾರ ಮುಖದಲ್ಲೂ ಗೌರವ ಇಣುಕುತ್ತಿರಲಿಲ್ಲ.

ಬಾಮೈದನಿಗೆ ಕಿಟಕಿ ಮೇಜು ಬೇಕಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲಾಗುತ್ತದೆಯೇ? ಒಂದು ಸೋಮವಾರ ಬೆಳಿಗ್ಗೆ ಯಜಮಾನ ಬಿರುಕು ಬಿಟ್ಟ ಹಲ್ಲಿನ ಸೆಟ್ಟೊಂದನ್ನು ಎತ್ತಿ ಹಿಡಿದು ಹನ್ನೊಂದು ಕೆಲಸಗಾರರ ಎದುರು ನಿಂತ. ಅದನ್ನು ನೆಲಕ್ಕೆ ಬೀಳಿಸಿದ್ದು ಬಾಮೈದ. ಬಿದ್ದ ಸದ್ದು ಕೆಳಮಹಡಿಯ ದರ್ಜಿಗೂ ಕೇಳಿಸಿತ್ತು.

"ಯಾರು ಕಟ್ಟಿದ್ದು ಇದು?"

"ಕಟ್ಟಿದ್ದು ನಾನು ಸಾರ್. ಆದ್ರೆ ಬೀಳ್ಸಿದ್ದು..."

"ಬೀಳ್ಸೋದು ಗೀಳ್ಸೋದು ಆಮೇಲೆ. ನಾನೂ ಸುಮಾರು ದಿನದಿಂದ ನೋಡ್ತಾ ಇದೀನಿ. ನಿನ್ನ ಕೈ ನಡುಗುತ್ತೆ."

"ನನ್ ಕೈಯಾ?"

"ಮತ್ತೇನು, ನನ್ದಾ? ವಯಸ್ಸಾಯ್ತಮ್ಮಾ. ನಡುಗೋ ಕೈ ಇಟ್ಕೊಂಡು ಜನರ ಬಾಯಿ ಹಾಳ್ಮಾಡೋಕೆ ಬಿಡಕ್ಕಾಗಲ್ಲ. ಇವತ್ತಿಂದ ಪಾಲಿಶ್ ಮಿಶಿನ್ನಿಗೆ ಹೋಗು. ಮೇಜು ಇವನಿಗೆ ಬಿಟ್ಕೊಡು."

ಹನ್ನೊಂದು ಜನ ಒಟ್ಟಿಗೆ ಹಲ್ಲಕ್ಕನ ಕೈ ನೋಡಿದರು. ಹಲ್ಲಕ್ಕನೂ ನೋಡಿದಳು. ಅಷ್ಟು ಕಣ್ಣುಗಳ ಭಾರಕ್ಕೋ ಏನೋ, ಹತ್ತೊಂಬತ್ತು ವರ್ಷ ಅಲುಗದಿದ್ದ ಆ ಕೈ ಅವತ್ತು ಅಲುಗಿತು. ಒಂದು ಎಳ್ಳಿನಷ್ಟು. ಆದರೆ ಅಲುಗಿತು.

ಅಲ್ಲಿಂದ ಶುರುವಾಯಿತು ನೋಡಿ. ಆ ಸಂಜೆ ಆಕೆಯ ಚಹಾ ಕಪ್ಪು ಸಾಸರಿನ ಮೇಲೆ ಕುದುರೆ ಓಡಿದಂತೆ ಸದ್ದು ಮಾಡಿತು. ಮೂರು ದಿನಕ್ಕೆ ಸೂಜಿಗೆ ದಾರ ಹೋಗದಾಯಿತು. ವಾರಕ್ಕೆ ಮನೆಯ ಬೀಗದ ತೂತು ಹುಡುಕಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ ಪಕ್ಕದ ಮನೆಯವರು ಕಳ್ಳರು ಬಂದರೆಂದು ದೀಪ ಹಾಕಿ ಬಾಗಿಲಿಗೆ ಬಂದರು. ಹಲ್ಲಕ್ಕನಿಗೆ ಬೇಕಿದ್ದದ್ದು ಎರಡೇ ಎರಡು: ತನ್ನ ಮೇಜು ತನಗೆ, ಮತ್ತು ಆ ಮಾತಾಡಿದ ಬಾಯಿಯೇ ಆ ಹನ್ನೊಂದು ಜನರ ಎದುರೇ ಅದು ಸುಳ್ಳೆಂದು ಹೇಳಬೇಕು. ಆದರೆ ಕೈ ನಿಜವಾಗಿಯೇ ನಡುಗುತ್ತಿರುವಾಗ ಯಾವ ಮುಖ ಇಟ್ಟುಕೊಂಡು ಕೇಳುವುದು? ಆ ಗದ್ದಪ್ಪ ಸುಳ್ಳು ಹೇಳಿ, ಆಮೇಲೆ ಅದನ್ನು ಅವಳ ಕೈಯಿಂದಲೇ ನಿಜ ಮಾಡಿಸಿಬಿಟ್ಟಿದ್ದ. ಈ ಯೋಚನೆ ಬಂದಾಗಲೆಲ್ಲ ಆಕೆ ಹಲ್ಲು ಕಡಿಯುತ್ತಿದ್ದ ಸದ್ದಿಗೆ ಗಂಡ ನಿದ್ದೆಯಲ್ಲೇ ಎದ್ದು ಕೂತು, ಹಿಟ್ಟಿನ ಗಿರಣಿ ಶುರುವಾಯಿತೇ ಎಂದು ಕೇಳುತ್ತಿದ್ದ.

ಹೀಗಿರುವಾಗ ನಾದಿನಿ ಒಂದು ಕಾಗದ ತಂದಳು. ಗಂಡನ ತಂಗಿ, ಅದೇ ಮನೆಯಲ್ಲಿರುವವಳು, ಆಸ್ಪತ್ರೆಯಲ್ಲಿ ದಿನವಿಡೀ ಫೋನೆತ್ತುವ ಕೆಲಸ. ಭಾನುವಾರ ಭಾನುವಾರ ಆತ್ಮವಿಶ್ವಾಸದ ಕ್ಲಾಸಿಗೆ ಹೋಗಿ ಹೋಗಿ ಅವಳಲ್ಲಿ ಆತ್ಮವಿಶ್ವಾಸ ಎಷ್ಟು ಉಕ್ಕುತ್ತಿತ್ತೆಂದರೆ ಅಕ್ಕಪಕ್ಕದ ನಾಲ್ಕು ಮನೆಗೆ ಹಂಚಿದರೂ ಮಿಗುತ್ತಿತ್ತು. ಬಚ್ಚಲುಮನೆಯ ಕನ್ನಡಿಗೆ ಅವಳು ಕಾಗದ ಅಂಟಿಸಿದಳು.

"ಅತ್ತಿಗೆ, ದಿನಾ ಬೆಳಿಗ್ಗೆ ಇದನ್ನ ಏಳು ಸಲ ಹೇಳಿ. ಕನ್ನಡೀಲಿ ನಿಮ್ಮ ಕಣ್ಣನ್ನೇ ನೋಡ್ಕೊಂಡು ಹೇಳ್ಬೇಕು. ನಾವು ನಮಗೆ ಏನು ಹೇಳ್ಕೋತೀವೋ ಅದೇ ಆಗ್ತೀವಂತೆ, ನಮ್ಮ ಮೇಡಂ ಹೇಳ್ತಾರೆ."

"ನಾನು ಏನೂ ಹೇಳ್ಕೊಳ್ದೇನೇ ಆಗ್ಹೋಗಿದೀನಲ್ಲೇ. ಅವನು ಹೇಳಿದ, ನನ್ ಕೈ ನಡುಗ್ತು."

"ನೋಡಿ ಮತ್ತೆ! ಅವನು ಒಂದು ಸಲ ಹೇಳಿದ್ದಕ್ಕೇ ಅಷ್ಟು ಶಕ್ತಿ ಇದ್ರೆ, ನೀವು ಏಳು ಸಲ ಹೇಳಿದ್ದಕ್ಕೆ ಎಷ್ಟಿರ್ಬೇಡ?"

ಲೆಕ್ಕ ಸರಿಯಾಗಿದೆ ಎನ್ನಿಸಿತು ಹಲ್ಲಕ್ಕನಿಗೆ. ಮರುದಿನ ಕನ್ನಡಿಯ ಮುಂದೆ ನಿಂತಳು. ಕೈ ಹೇಗಿದೆ ಎಂದು ಗೊತ್ತಾಗಲಿ ಎಂದು ಹಲ್ಲುಜ್ಜುವ ಮಗ್ಗಿಗೆ ಕಂಠಮಟ್ಟ ನೀರು ತುಂಬಿಸಿ ಎತ್ತಿ ಹಿಡಿದಳು. 'ನಾನು ಶಕ್ತಿವಂತೆ' ಎಂದಳು. ಪರವಾಗಿಲ್ಲ, ನಾಲ್ಕು ಹನಿ. 'ನಾನು ಶಾಂತಳು' ಎಂದಳು. ಎಂಟು ಹನಿ. 'ನನ್ನನ್ನು ನೋಯಿಸಿದವರನ್ನು ಮನಸಾರೆ ಕ್ಷಮಿಸುತ್ತೇನೆ' ಎಂದಳು. ಅರ್ಧ ಮಗ್ಗು ಕಾಲ ಮೇಲೆ ಬಿತ್ತು. ಎರಡನೇ ದಿನವೂ ಅಷ್ಟೇ. ಮೂರನೇ ದಿನ ಬಚ್ಚಲುಮನೆಯಿಂದ ನೀರು ಹರಿದು ಹೊಸ್ತಿಲು ದಾಟಿತು.

ನಾಲ್ಕನೇ ದಿನ ಆ ಸಾಲಿಗೆ ಬಂದಾಗ ಒಳಗಿದ್ದದ್ದೇ ಹೊರಬಂತು.

"ಕ್ಷಮಿಸಲ್ಲ," ಎಂದಳು ಹಲ್ಲಕ್ಕ.

ಮಗ್ಗು ನಿಂತಿತು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ನಿಂತಿತು. ಆಕೆಗೇ ನಂಬಿಕೆಯಾಗಲಿಲ್ಲ. "ಕ್ಷಮಿಸ್ತೀನಿ," ಎಂದು ಪರೀಕ್ಷೆ ಮಾಡಿದಳು. ಚಳಕ್ಕೆಂದು ನೀರು ಹಾರಿತು. "ಕ್ಷಮಿಸಲ್ಲ." ನೀರಿನ ಮೇಲೆ ಒಂದು ಗೆರೆಯೂ ಏಳಲಿಲ್ಲ. ಆ ನೀರಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಿತ್ತು.

ಹಲ್ಲಕ್ಕ ನಾದಿನಿಯ ಕಾಗದ ಕಿತ್ತು, ಅದರ ಬೆನ್ನ ಮೇಲೆ ತನ್ನದನ್ನು ಬರೆದು ಅಂಟಿಸಿದಳು: 'ನನ್ನ ಕೈ ಬಂಡೆ. ನನ್ನ ಕಣ್ಣು ಸೂಜಿ. ಅವನನ್ನು ನಾನು ಕ್ಷಮಿಸುವುದಿಲ್ಲ. ಅವನ ಬಾಯಿ ಒಂದು ದಿನ ನನ್ನ ಕೈಗೆ ಬರುತ್ತದೆ.'

ನಾದಿನಿ ಓದಿ ಎದೆ ಹಿಡಿದುಕೊಂಡಳು. "ಅಯ್ಯೋ ಅತ್ತಿಗೆ! ಇದು ಪಾಸಿಟಿವ್ ಅಲ್ಲ!"

"ಯಾರಿಗಲ್ಲ?"

"ಯಾರಿಗಲ್ಲ ಅಂದ್ರೆ... ನಮ್ಮ ಮೇಡಂ ಇದನ್ನ ನೋಡಿದ್ರೆ..."

"ನಿಮ್ಮ ಮೇಡಂ ಯಾವ ಗದ್ದಪ್ಪನ ಕೈಕೆಳಗೂ ಹತ್ತೊಂಬತ್ತು ವರ್ಷ ದುಡಿದಿಲ್ಲ ಅಂತ ಕಾಣುತ್ತೆ. ಮಗ್ಗು ನೋಡು. ಒಂದು ಹನಿ ಬಿದ್ದಿದ್ಯಾ?"

ನಾದಿನಿ ಮಗ್ಗು ನೋಡಿದಳು, ನೆಲ ನೋಡಿದಳು. ನೆಲ ಒಣಗಿತ್ತು.

ಅವತ್ತಿನಿಂದ ದಿನಕ್ಕೆ ಏಳು ಸಲ. ಬಚ್ಚಲುಮನೆಯ ಬಾಗಿಲಾಚೆ ಗಡ್ಡ ಹೆರೆದುಕೊಳ್ಳುತ್ತಿದ್ದ ಗಂಡ 'ಅವನನ್ನು ನಾನು ಕ್ಷಮಿಸುವುದಿಲ್ಲ' ಎಂಬುದನ್ನು ಮೊದಲ ಸಲ ಕೇಳಿದಾಗ ಕೆನ್ನೆ ಕುಯ್ದುಕೊಂಡ. ಹದಿನೈದು ದಿನ ಹೆಂಡತಿಯ ಕಡೆ ಕಣ್ಣೆತ್ತಿ ನೋಡದೆ, ಹೇಳದಿದ್ದರೂ ಪಾತ್ರೆ ತೊಳೆದಿಟ್ಟ. ಅವನೆಂದರೆ ಯಾರೆಂದು ಹಲ್ಲಕ್ಕನೂ ಬಿಡಿಸಿ ಹೇಳಲು ಹೋಗಲಿಲ್ಲ. ಬಸ್ಸು ತಡವಾದರೆ ನಿಲ್ದಾಣದಲ್ಲಿ ನಿಂತು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು. ಲ್ಯಾಬಿನ ಮೆಟ್ಟಿಲಿಗೊಂದು ಮಾತಿನಂತೆ ತುಳಿದುಕೊಂಡು ಮೂರು ಮಹಡಿ ಏರುತ್ತಿದ್ದಳು. ಮೊದಲು ಎರಡನೇ ಮಹಡಿಗೇ ಏದುಸಿರು ಬರುತ್ತಿತ್ತು, ಈಗ ಮೂರನೆಯದು ಮುಗಿದಾಗ ನಾಲ್ಕನೆಯದು ಯಾಕಿಲ್ಲ ಎನ್ನಿಸುತ್ತಿತ್ತು. ಸಂಜೆ ಮನೆಗೆ ಬಂದು ಮೇಣದಬತ್ತಿಗಳಲ್ಲಿ ದವಡೆ ಹಲ್ಲು ಕೆತ್ತುತ್ತಿದ್ದಳು, ಕೈಗೆ ಅಭ್ಯಾಸ ತಪ್ಪದಿರಲಿ ಎಂದು. ಒಂದು ಸಂಜೆ ಕರೆಂಟು ಹೋದಾಗ ಮನೆಯಲ್ಲಿ ಹಚ್ಚಲು ಸಿಕ್ಕಿದ್ದು ಮೂವತ್ತೆರಡು ಹಲ್ಲು. ಗಂಡ ಒಂದು ದವಡೆಗೆ ಕಡ್ಡಿ ಗೀರಿದ.

ಲ್ಯಾಬಿನಲ್ಲಿ ಆಕೆ ಪಾಲಿಶ್ ಮಿಶಿನ್ನಿನ ಮುಂದೆ ಕೂತು, ಬಾಮೈದ ಕಟ್ಟಿದ ಸೆಟ್ಟುಗಳಿಗೆ ಹೊಳಪು ಕೊಡುತ್ತಿದ್ದಳು. ಆ ಕಡೆ ಕಿಟಕಿ ಮೇಜಿನಲ್ಲಿ ಬಾಮೈದ ಹಗಲ ಬೆಳಕಿನಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಹಲ್ಲಕ್ಕ ಚಕ್ರದ ಗುಂಯ್‌ಗುಡುವಿಕೆಯ ಅಡಿಯಲ್ಲಿ ತನ್ನ ನಾಲ್ಕು ಮಾತು ಹೇಳಿಕೊಳ್ಳುತ್ತಿದ್ದಳು. ಎರಡು ತಿಂಗಳಿಗೆ ಕೈ ಎಷ್ಟು ಗಟ್ಟಿಯಾಯಿತೆಂದರೆ ಅದರ ಮೇಲೆ ನೊಣ ಕೂತು, ಇದು ಮನುಷ್ಯರ ಕೈಯಲ್ಲವೆಂದು ತಿಳಿದು ಎದ್ದು ಹೋಗುತ್ತಿತ್ತು.

ಆದರೆ ಕೈ ಗಟ್ಟಿಯಾದದ್ದನ್ನು ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಯಜಮಾನ, ಓ, ವಾಸಿಯಾಯ್ತಾ, ಒಳ್ಳೇದಾಯ್ತು ಎಂದುಬಿಡುತ್ತಾನೆ. ಮೊದಲೇ ನಡುಗಿರಲಿಲ್ಲ ಎಂಬುದು ಅಲ್ಲೇ ಮಣ್ಣಾಗುತ್ತದೆ. ಅದು ಬೇಡ. ಆ ಬಾಯೇ ತೆರೆಯಬೇಕು.

ಆ ಬಾಯಿಯಲ್ಲಿ ಒಂದು ಗುಟ್ಟಿತ್ತು. ಊರಿಗೆಲ್ಲ ಹಲ್ಲು ಕಟ್ಟಿಸುವ ಯಜಮಾನನಿಗೆ ಮೇಲೆ ಆರು, ಕೆಳಗೆ ಆರು ಮುಂದಿನ ಹಲ್ಲು ಬಿಟ್ಟರೆ ಹಿಂದೆಲ್ಲ ಬಟ್ಟಬಯಲು. ವರ್ಷಗಟ್ಟಲೆ ಮೊಲದಂತೆ ಮುಂದಿನ ಹಲ್ಲಿನಲ್ಲೇ ಅಗಿದು ಅಗಿದು ಅವನ ಗದ್ದ ಮುಂದಕ್ಕೆ ಬಂದಿತ್ತು. ಜನ ಅದನ್ನು ಗತ್ತು ಎಂದುಕೊಂಡಿದ್ದರು. ಈಗ ಆ ಹನ್ನೆರಡೂ ಅಲ್ಲಾಡತೊಡಗಿದವು. ಅದೇ ಹೊತ್ತಿಗೆ ಹಲ್ಲು ಕಟ್ಟುವ ಲ್ಯಾಬುಗಳ ಸಂಘ ಅವನನ್ನು ಅಧ್ಯಕ್ಷನನ್ನಾಗಿ ಆರಿಸಿತು. ಊರಿನ ಅಷ್ಟೂ ಹಲ್ಲಿನ ಡಾಕ್ಟರುಗಳು ಬರುವ ಸಭೆ, ಭಾಷಣ, ಫೋಟೋ. ಯಜಮಾನ ದೂರದ ಊರಿಗೆ ಹೋಗಿ ಹನ್ನೆರಡನ್ನೂ ಕೀಳಿಸಿಕೊಂಡು, ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಗಂಟಲು ನೋವೆಂದು ಸಾರಿದ. ಇಲ್ಲಿಯ ಯಾವ ಡಾಕ್ಟರಿಗೂ ಗೊತ್ತಾಗಬಾರದೆಂದು ಅಚ್ಚು ತೆಗೆಯುವ ಕೆಲಸವನ್ನೂ ಬಾಮೈದನಿಗೇ ಒಪ್ಪಿಸಿದ.

ಸಭೆಗೆ ನಾಲ್ಕು ದಿನ ಇರುವಾಗ ಪಾಲಿಶ್ ಮಿಶಿನ್ನಿಗೆ ಒಂದು ಪೆಟ್ಟಿಗೆ ಬಂತು. ಮೇಲೆ 'ವಿಶೇಷ' ಎಂದು ಬರೆದಿತ್ತು. ಒಳಗೆ ಬಾಮೈದ ಕಟ್ಟಿದ ಹೊಸ ಸೆಟ್ಟು, ಪ್ಲಾಸ್ಟರಿನ ಮೇಲಿನ ದವಡೆ, ಕೆಳಗಿನ ದವಡೆ, ಎರಡನ್ನೂ ಕಚ್ಚಿಸಿ ಹಿಡಿದಿಡುವ ಕೀಲಿನ ಚೌಕಟ್ಟು. ಹಲ್ಲಕ್ಕ ಪ್ಲಾಸ್ಟರಿನ ಅಂಗುಳವನ್ನು ಬೆರಳಿನಿಂದ ಸವರಿದಳು. ಆಕೆ ಮುಖ ಮರೆತಾಳು, ಬಾಯಿ ಮರೆಯುವವಳಲ್ಲ. ಎಂಟು ವರ್ಷದ ಹಿಂದೆ ಇದೇ ಬಾಯಿಗೆ ಒಂದು ಹಲ್ಲು ಕಟ್ಟಿಕೊಟ್ಟಿದ್ದಳು.

ಬಂದಿತ್ತು. ಅವನ ಬಾಯಿ ಅವಳ ಕೈಗೆ ಬಂದಿತ್ತು.

ಹಲ್ಲಕ್ಕ ಚೌಕಟ್ಟನ್ನು ಪಕ್ಕಕ್ಕೆ ತಿರುಗಿಸಿದಳು. ತಿರುಗಿಸಿದವಳು ಹಾಗೇ ಕೂತಳು. ಕೆಳಗಿನ ದವಡೆ ಮೇಲಿನದಕ್ಕಿಂತ ಒಂದು ಬೆರಳು ಮುಂದಿತ್ತು. ಏನಾಗಿದೆಯೆಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯಿತು. ಹಲ್ಲಿಲ್ಲದವರಿಗೆ ಮೇಣ ಇಟ್ಟು 'ಕಚ್ಚಿ' ಎನ್ನಬಾರದು. ಕಚ್ಚಿ ಎಂದರೆ ಅವರು ಹಳೇ ಚಾಳಿಯಂತೆ ಗದ್ದ ಮುಂದೆ ತರುತ್ತಾರೆ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ, ಅಂಗುಳಕ್ಕೆ ತಾಗಿಸಿ, ಉಗುಳು ನುಂಗಿ ಎನ್ನಬೇಕು. ನುಂಗುವಾಗ ದವಡೆ ತಾನಾಗಿ ತನ್ನ ಮನೆಗೆ ಹೋಗುತ್ತದೆ; ಅಲ್ಲಿ ಅಳತೆ ಹಿಡಿಯಬೇಕು. ಬಾಮೈದ 'ಕಚ್ಚಿ ಭಾವ' ಎಂದಿದ್ದಾನೆ. ಭಾವ ಗತ್ತಿನಿಂದ ಕಚ್ಚಿದ್ದಾನೆ. ಈ ಸೆಟ್ಟು ಬಾಯಲ್ಲಿ ನಿಲ್ಲುವುದು ಗದ್ದ ಮುಂದೆ ಚಾಚಿಕೊಂಡಿರುವಷ್ಟು ಹೊತ್ತು ಮಾತ್ರ.

ಹತ್ತೊಂಬತ್ತು ವರ್ಷದ ಚಾಳಿ ಕೆಟ್ಟದ್ದು. ಹಗೆಯ ಹಲ್ಲೇ ಆದರೂ ತಪ್ಪು ಕಂಡರೆ ಬಾಯಿ ತಾನಾಗಿ ತೆರೆಯಿತು. "ಸಾರ್, ಈ ಕಚ್ಚಿನ ಅಳತೆ..." ಎಂದಳು.

ಬಾಮೈದ ಕಿಟಕಿಯಿಂದಲೇ ತಿರುಗಿದ. "ಅಕ್ಕಾ, ನಿಮಗೆ ಕೊಟ್ಟಿರೋದು ಪಾಲಿಶ್. ಕಚ್ಚು ಗಿಚ್ಚು ಎಲ್ಲ ನನಗೆ ಬಿಡಿ. ಸರ್ಟಿಫಿಕೇಟ್ ಇರೋದು ಯಾರ ಹತ್ರ?"

ಕರವಸ್ತ್ರದ ಹಿಂದಿನಿಂದ ಯಜಮಾನನ ದನಿ ಬಂತು. "ಬಾಯಿ ಮುಚ್ಕೊಂಡು ಪಾಲಿಶ್ ಮಾಡು ಅನ್ನು ಅವಳಿಗೆ."

ಹನ್ನೊಂದು ಜನ ಕೇಳಿಸಿಕೊಂಡರು. ಹಲ್ಲಕ್ಕ ಬಾಯಿ ಮುಚ್ಚಿದಳು. ಮುಚ್ಚಿದ ಬಾಯೊಳಗೆ ನಿಧಾನವಾಗಿ ಒಂದು ನಗೆ ಹರಡಿತು, ಒಲೆಯ ಮೇಲೆ ಬೆಣ್ಣೆ ಕರಗಿದ ಹಾಗೆ.

ಸ್ವಲ್ಪ ಹೊತ್ತಿಗೆ ಪ್ಲಾಸ್ಟರ್ ತಾತ ಬಂದು ಪಕ್ಕದಲ್ಲಿ ನಿಂತ. ಅವನ ಹುಬ್ಬಿನ ಮೇಲೆ ನಲವತ್ತು ವರ್ಷದ ಪ್ಲಾಸ್ಟರು. "ಅಲ್ಲ ಹಲ್ಲಕ್ಕಾ, ದವಡೆ ಮುಂದೆ ಬಂದಂಗಿದೆ?"

"ಬಂದಿದೆ ತಾತ."

"ಇದು ಬಾಯಲ್ಲಿ ನಿಲ್ಲಲ್ಲ."

"ನಿಲ್ಲಲ್ಲ."

"ಮತ್ತೆ ಇನ್ನೊಂದ್ಸಲ ಹೇಳಲ್ವಾ?"

"ಬಾಯಿ ಮುಚ್ಕೊಂಡು ಮಾಡು ಅಂದ್ರಲ್ಲ ತಾತ. ಹೇಳಿದ ಮಾತು ನಾನು ಮೀರೋಳಲ್ಲ."

ತಾತ ಅವಳ ಮುಖ ನೋಡಿದ, ಸೆಟ್ಟು ನೋಡಿದ. "ಹಂಗಾದ್ರೆ ಚೆನ್ನಾಗಿ ಹೊಳೀಲಿ," ಎಂದು ಹೋದ.

ಹೊಳೆಯಿತೇ? ಅಂಥ ಪಾಲಿಶ್ ಅದುವರೆಗೆ ಯಾರೂ ಮಾಡಿರಲಿಲ್ಲ, ಇನ್ನು ಯಾರೂ ಮಾಡುವುದಿಲ್ಲ. ಮೂರು ದಿನ, ಮೂರು ಬಗೆಯ ಬಟ್ಟೆ, ಮೂರು ಬಗೆಯ ಪುಡಿ. ಆಕೆಯ ಕೈ ಒಂದು ಕೂದಲೆಳೆ ಅತ್ತಿತ್ತ ಹೋಗಲಿಲ್ಲ. ಹಲ್ಲನ್ನು ಮೇಜಿನ ಮೇಲಿಟ್ಟರೆ ಎದುರು ಕಟ್ಟಡದ ಬೋರ್ಡನ್ನು ಅದರಲ್ಲಿ ಓದಬಹುದಿತ್ತು. ಯಜಮಾನ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಗದ್ದ ಚಾಚಿ ನಕ್ಕ; ಮಿಂಚು ಹೊಡೆದಂತಾಯಿತು. ಬಾಯಲ್ಲಿ ಒಂದೆರಡು ಕಡೆ ಒತ್ತುತ್ತದೆ ಎಂದಾಗ ಬಾಮೈದ, ಹೊಸದು ಹಾಗೇ ಭಾವ, ಸಭೆಯ ದಿನವೇ ಹಾಕ್ಕೊಳ್ಳಿ, ಹೊಳಪು ಕೆಡಲ್ಲ ಎಂದು ಡಬ್ಬಿಯಲ್ಲಿ ಎತ್ತಿಟ್ಟ.

ಸಭೆಯ ಭಾನುವಾರ ಹಲ್ಲಕ್ಕ ಬೆಳಿಗ್ಗೆ ಏಳರ ಬದಲು ಹದಿನಾಲ್ಕು ಸಲ ಹೇಳಿಕೊಂಡು ಹೊರಟಳು. ಲ್ಯಾಬಿನವರಿಗೆಲ್ಲ ಹಿಂದಿನ ಸಾಲು. ಮುಂದೆ ಡಾಕ್ಟರುಗಳು; ಅವರೆಲ್ಲರಿಗಿಂತ ಮುಂದೆ, ಊರಿನಲ್ಲಿ ಮೊಟ್ಟಮೊದಲು ಹಲ್ಲು ಕಿತ್ತ ಹಿರಿಯ ಡಾಕ್ಟರಮ್ಮ. ಯಜಮಾನ ಹಾರ ಹಾಕಿಸಿಕೊಂಡು, ಗದ್ದ ಚಾಚಿ, ಮೈಕಿನ ಮುಂದೆ ನಿಂತ. ಹಲ್ಲಿನ ಹೊಳಪಿಗೆ ಮುಂದಿನ ಸಾಲಿನವರು ಕಣ್ಣು ಕಿರಿದಾಗಿಸಿದರು.

ಐದು ನಿಮಿಷ ಮಾತು ಬಹಳ ಚೆನ್ನಾಗಿ ಸಾಗಿತು. ಗುಣಮಟ್ಟ ಎಂದ, ಅನುಭವ ಎಂದ, ನಮ್ಮಲ್ಲಿ ತಪ್ಪಿಗೆ ಜಾಗವಿಲ್ಲ ಎಂದ. ಹಲ್ಲಕ್ಕ ಮಡಿಲಲ್ಲಿ 'ಬಂಡೆ'ಯಂಥ ಕೈಗಳನ್ನಿಟ್ಟುಕೊಂಡು ಕಾದಳು. ಅವಳು ಕಾಯುತ್ತಿದ್ದದ್ದು ಮೈಕಿನ ಪಕ್ಕದಲ್ಲಿದ್ದ ಒಂದು ಲೋಟ ನೀರಿಗೆ.

ಆರನೇ ನಿಮಿಷಕ್ಕೆ ಯಜಮಾನ ಲೋಟ ಎತ್ತಿ ಒಂದು ಗುಟುಕು ಕುಡಿದ. ನುಂಗಿದ. ಎಷ್ಟೋ ವರ್ಷದಿಂದ ಮುಂದೆ ಚಾಚಿಕೊಂಡಿದ್ದ ದವಡೆ ಆ ಒಂದು ಗುಟುಕಿಗೆ ಸದ್ದಿಲ್ಲದೆ ತನ್ನ ಮನೆಗೆ ಹೋಯಿತು. ಹಲ್ಲಿಗೆ ಹಲ್ಲು ಸಿಗಲಿಲ್ಲ. ಕಟ್, ಕಟ್, ಕಟ್ ಎಂದು ಸಭಾಂಗಣದಲ್ಲಿ ಯಾರೋ ಮರದ ಚಪ್ಪಲಿ ಹಾಕಿಕೊಂಡು ಓಡಿದ ಸದ್ದಾಯಿತು. "ಆದ್ದರಿಂದ ಸಹೃದಯರೇ," ಎನ್ನುವಷ್ಟರಲ್ಲಿ ಮೇಲಿನ ಸೆಟ್ಟು ಹಿಂದಿನಿಂದ ಎದ್ದು, ಮುಂದಿನಿಂದ ಜಾರಿ, ಮೈಕಿಗೆ ಬಡಿದು, ವೇದಿಕೆಯಿಂದ ಹಾರಿ, ಡಾಕ್ಟರಮ್ಮನ ಮಡಿಲಿಗೆ ಬಿತ್ತು. ಮೈಕಿಗೆ ಬಡಿದ ಆ ಸದ್ದಿಗೆ ಹೊರಗೆ ನಿಂತಿದ್ದ ಕಾರುಗಳ ಅಲಾರಂ ಹೊಡೆದುಕೊಂಡಿತು ಎಂದರೆ ನೀವು ನಂಬುವುದಿಲ್ಲ. ನಂಬಲೇಬೇಕೆಂದು ನನಗೂ ಹಟವಿಲ್ಲ.

ಡಾಕ್ಟರಮ್ಮ ಕರವಸ್ತ್ರದಲ್ಲಿ ಸೆಟ್ಟು ಹಿಡಿದು, ಕನ್ನಡಕ ಏರಿಸಿ, ದೀಪಕ್ಕೆ ಹಿಡಿದು ನೋಡಿದರು.

"ಪಾಲಿಶ್ ಮಾತ್ರ ಅದ್ಭುತ," ಎಂದರು. "ಆದ್ರೆ ಕಚ್ಚು ಪೂರಾ ತಪ್ಪಿದೆ. ಇದು ಕಿಟಕಿ ಮೇಜಿನ ಕೆಲಸ ಅಲ್ಲ. ಅಲ್ಲಿ ಕೂರ್ತಿದ್ದವಳು ಎಲ್ಲಿ?"

ಹಿಂದಿನ ಸಾಲಿನಲ್ಲಿ ಹನ್ನೊಂದು ತಲೆಗಳು ಹಲ್ಲಕ್ಕನ ಕಡೆ ತಿರುಗಿದವು. ಬಾಮೈದನ ಕುರ್ಚಿ ಖಾಲಿಯಿತ್ತು; ಅದು ಇನ್ನೂ ಅಲ್ಲಾಡುತ್ತಿತ್ತು. ವೇದಿಕೆಯ ಮೇಲೆ ಯಜಮಾನ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಆ ಕೈಗಳು ನಡುಗುತ್ತಿದ್ದುದನ್ನು ಹಲ್ಲಕ್ಕ ಕಣ್ತುಂಬ ನೋಡಿದಳು. ಅಲ್ಲಿಂದ ಮನೆಗೆ ನಡೆದೇ ಹೋದಳು, ಬಸ್ಸಿಗಿಂತ ಮುಂಚೆ ಮುಟ್ಟಿದಳು. ಆದರೂ ಹೊಟ್ಟೆ ಪೂರ್ತಿ ತಣ್ಣಗಾಗಿರಲಿಲ್ಲ. ಬಾಯಿ ಬಿದ್ದಿತ್ತು, ಆಡಬೇಕಾದ ಮಾತು ಇನ್ನೂ ಆಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಮನೆಯ ಬಾಗಿಲು ಬಡಿಯಿತು. ನಾದಿನಿ ತೆರೆದರೆ ಕರವಸ್ತ್ರ ಕಟ್ಟಿಕೊಂಡ ಯಜಮಾನ. ಡಾಕ್ಟರುಗಳೆಲ್ಲ, ಹಲ್ಲಕ್ಕ ಕಿಟಕಿ ಮೇಜಿಗೆ ಬರುವವರೆಗೆ ಒಂದು ಅಚ್ಚೂ ಕಳಿಸುವುದಿಲ್ಲ ಎಂದಿದ್ದರು. ಹಲ್ಲು ಕೀಳಿಸಿಕೊಂಡ ದಿನದಿಂದ ಅವನು ಗಂಜಿ ಬಿಟ್ಟು ಬೇರೇನೂ ಕಂಡಿರಲಿಲ್ಲ.

"ಅತ್ತಿಗೆ ಅಭ್ಯಾಸದಲ್ಲಿದಾರೆ. ಕೂತ್ಕೊಳ್ಳಿ," ಎಂದಳು ನಾದಿನಿ.

ಬಚ್ಚಲುಮನೆಯ ಬಾಗಿಲಿಂದ ದನಿ ಸ್ಪಷ್ಟವಾಗಿ ಬರುತ್ತಿತ್ತು. 'ಅವನನ್ನು ನಾನು ಕ್ಷಮಿಸುವುದಿಲ್ಲ.' ಯಜಮಾನ ಕುರ್ಚಿಯ ತುದಿಗೆ ಸರಿದ. 'ಅವನನ್ನು ನಾನು ಕ್ಷಮಿಸುವುದಿಲ್ಲ.' ನಾದಿನಿಯನ್ನು ನೋಡಿದ. ನಾದಿನಿ ಬೆರಳು ಮಡಿಸಿ ಎಣಿಸುತ್ತ, "ಇನ್ನು ಮೂರಿದೆ," ಎಂದಳು. ಎಲ್ಲ ಮುಗಿಸಿ, ಮುಖ ಒರೆಸಿಕೊಂಡು ಹಲ್ಲಕ್ಕ ಹೊರಬಂದಳು.

"ಆಗಿದ್ದು ಆಗ್ಹೋಯ್ತಮ್ಮಾ," ಎಂದ ಯಜಮಾನ. "ಮೇಜು ಇವತ್ತಿಂದ್ಲೇ ನಿಂದು. ನನ್ದೊಂದು ಸೆಟ್ಟು ಮಾತ್ರ ಯಾರಿಗೂ ಗೊತ್ತಾಗ್ದಂಗೆ ಇಲ್ಲೇ ಮನೇಲಿ ಕಟ್ಕೊಟ್ಬಿಡು."

"ಮನೇಲಿ ಆಗಲ್ಲ ಸಾರ್. ಹಗಲ ಬೆಳಕು ಬೇಕು. ಕಿಟಕಿ ಮೇಜು ಬೇಕು. ಬೆಳಿಗ್ಗೆ ಹನ್ನೊಂದು ಗಂಟೆ."

"ಆಗ ಎಲ್ರೂ ಇರ್ತಾರಲ್ಲ?"

"ಇರ್ತಾರೆ. ಹನ್ನೊಂದು ಜನ. ಅವತ್ತೂ ಅಷ್ಟೇ ಇದ್ರು."

ಎದುರು ಮನೆಯಲ್ಲಿ ಯಾರೋ ಸೇಬು ಕಚ್ಚಿದ ಕರುಂ ಸದ್ದು ಕಿಟಕಿಯಿಂದ ತೇಲಿ ಬಂತು. ಯಜಮಾನ ತಲೆಯಾಡಿಸಿ ಒಪ್ಪಿಕೊಂಡ.

ಮರುದಿನ ಬಾಮೈದನ ಸರ್ಟಿಫಿಕೇಟು ಪಾಲಿಶ್ ಮಿಶಿನ್ನಿನ ಗೋಡೆಗೆ ಹೋಯಿತು, ಜೊತೆಗೆ ಬಾಮೈದನೂ. ಹಲ್ಲಕ್ಕ ಯಜಮಾನನನ್ನು ಕಿಟಕಿಯ ಪಕ್ಕ ಕೂರಿಸಿದಳು. ಕರವಸ್ತ್ರ ಬಿಚ್ಚಿಸಿದಳು. ಪ್ಲಾಸ್ಟರ್ ತಾತ ಕೆಲಸ ಬಿಟ್ಟು ಕೈಕಟ್ಟಿ ನಿಂತ. ಉಳಿದ ಹತ್ತು ಜನರೂ ಕೆಲಸ ಮಾಡುವ ನಾಟಕ ಬಿಟ್ಟರು. ಹಲ್ಲಕ್ಕ ಬಿಸಿ ಮೇಣವನ್ನು ಚಮಚದ ಅಂಚಿನವರೆಗೆ ತುಂಬಿಕೊಂಡು ಎಲ್ಲರ ಮುಂದೆ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು ಬಂದಳು. ಒಂದು ಹನಿ ತುಳುಕಲಿಲ್ಲ. ಮೇಣ ಹದವಾದ ಮೇಲೆ ಅವನ ಬಾಯಲ್ಲಿಟ್ಟು, ಎರಡು ಬೆರಳಿನಲ್ಲಿ ಆ ಪ್ರಸಿದ್ಧ ಗದ್ದವನ್ನು ಹಿಡಿದು, ನಿಧಾನವಾಗಿ ಹಿಂದಕ್ಕೆ ತಳ್ಳಿದಳು.

"ನಾಲಿಗೆ ಹಿಂದಕ್ಕೆ ಸಾರ್. ನುಂಗಿ. ಹಾಂ, ಹಾಗೆ. ಗದ್ದ ಒಳಗಿರ್ಲಿ."

ನಾಲ್ಕು ದಿನದಲ್ಲಿ ಹಲ್ಲುಗಳನ್ನು ಮೇಣದಲ್ಲಿ ನಿಲ್ಲಿಸಿ, ಯಜಮಾನನನ್ನು ಮತ್ತೆ ಕಿಟಕಿಯ ಪಕ್ಕ ಕೂರಿಸಿದಳು. ಮೇಣದ ಸೆಟ್ಟನ್ನು ಬಾಯಿಗಿಟ್ಟು ಮಾತಾಡಿಸಿ ನೋಡುವುದು ಈ ಕಸುಬಿನ ಕ್ರಮ. ಅದರಲ್ಲೂ 'ಸ'ಕಾರ ಸರಿಯಾಗಿ ಬಂದರೆ ಮುಂದಿನ ಹಲ್ಲು ಸರಿಯಾಗಿ ನಿಂತಂತೆ. ಸಾಮಾನ್ಯವಾಗಿ ಸಕ್ಕರೆ, ಸಾಸಿವೆ, ಸೂಜಿ ಎನ್ನಿಸುತ್ತಾರೆ. ಹಲ್ಲಕ್ಕ ಒಂದು ಚೀಟಿ ತೆಗೆದು ಅವನ ಕೈಗಿಟ್ಟಳು. ಯಜಮಾನ ಓದಿಕೊಂಡ. ಮುಖ ಕೆಂಪಾಯಿತು, ಬಿಳಿಯಾಯಿತು. ಹದಿನಾರು ಬಿಳಿಗಳಲ್ಲಿ ಅದು ಹದಿಮೂರನೆಯದು.

"ಇದನ್ನೇ ಹೇಳ್ಬೇಕಾ?"

"'ಸ' ಪರೀಕ್ಷೆ ಸಾರ್. ಆಗದಿದ್ರೆ ಬಿಡಿ, ಸೆಟ್ಟು ಹಾಗೇ ಎತ್ತಿಡ್ತೀನಿ."

ಬಾಯಲ್ಲಿ ಹಲ್ಲಿತ್ತು, ಎಷ್ಟೋ ವರ್ಷದ ಮೇಲೆ ಮೊದಲ ಬಾರಿಗೆ ಹಿಂದಿನ ಹಲ್ಲು ಹಿಂದಿನ ಹಲ್ಲಿಗೆ ಮುಟ್ಟುತ್ತಿತ್ತು. ಅದನ್ನು ವಾಪಸು ಕೊಡುವ ಧೈರ್ಯ ಅವನಿಗಿರಲಿಲ್ಲ.

"ಸೋಮವಾರ," ಎಂದು ಶುರುಮಾಡಿದ ಯಜಮಾನ, "ಆ ಸೋಮವಾರ ಸುಳ್ಳು ಹೇಳಿದೆ. ಸೆಟ್ಟು ಬೀಳಿಸಿದ್ದು ನನ್ನ ಸಂಬಂಧಿ. ಸ್ಥಿರವಾದ ಕೈಯನ್ನು ಸುಮ್ಮಸುಮ್ಮನೆ ನಡುಗುತ್ತದೆ ಎಂದೆ. ಸೋತೆ."

ಪಾಲಿಶ್ ಮಿಶಿನ್ನಿನ ಗುಂಯ್‌ಗುಡುವಿಕೆ ನಿಂತುಹೋಗಿತ್ತು. ನಿಜ ಹೇಳಬೇಕೆಂದರೆ 'ಸ'ಗಳೆಲ್ಲ ಹರಳು ಉದುರಿದಷ್ಟು ಸ್ವಚ್ಛವಾಗಿ ಬಂದಿದ್ದವು. ಹಲ್ಲಕ್ಕ ಕಣ್ಣು ಮುಚ್ಚಿ, ಕತ್ತು ವಾಲಿಸಿ, ಆ ಕೊನೆಯ ಮಾತು ಕಿವಿಯೊಳಗೆ ಇಳಿಯುವುದನ್ನು ಸವಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಸ್ವಲ್ಪ ಜಾರ್ತಿದೆ ಅನ್ಸುತ್ತೆ. ನಿಮಗೇನನ್ಸುತ್ತೆ ತಾತ?"

ಪ್ಲಾಸ್ಟರ್ ತಾತ ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. "ನಂಗಂತೂ ಸರಿಯಾಗಿ ಕೇಳಿಸ್ಲೇ ಇಲ್ಲಪ್ಪ."

ಹಲ್ಲಕ್ಕ ಎದ್ದು, ಮೇಜಿನ ಹಿಂದಿನ ಕಿಟಕಿಯ ಎರಡೂ ಬಾಗಿಲು ಅಗಲವಾಗಿ ತೆರೆದಳು. ಕೆಳಗೆ ಬೀದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ತಲೆಯೆತ್ತಿದರು.

"ಈ ಕಡೆ ತಿರುಗಿ ಸಾರ್," ಎಂದಳು. "ಗದ್ದ ಒಳಗೆ. ಇನ್ನೊಂದ್ಸಲ. ಸ್ವಲ್ಪ ಗಟ್ಟಿಯಾಗಿ."